ಒಬ್ಬರಲ್ಲಿ ಓಡುವ, ಇನ್ನೊಬ್ಬರಲ್ಲಿ ನಿಲ್ಲುವ ಹ್ಯಾಸ್ಕೆಲ್ ಲೈಬ್ರರಿ: ದೋಷ ನಿವಾರಣೆ ಕೈಪಿಡಿ

ಹುಬ್ಬಳ್ಳಿ, ಧಾರವಾಡ, ಗದಗ ಮತ್ತು ಹಾವೇರಿಯಲ್ಲಿ ಹ್ಯಾಸ್ಕೆಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಕೋಡು ಬರೆಯುವ ನಾವು ಕೆಲವರು ಎರಡು ಲೈಬ್ರರಿಗಳನ್ನು (ಇತರ ಪ್ರೋಗ್ರಾಮುಗಳು ಬಳಸಿಕೊಳ್ಳುವ ಸಿದ್ಧ ಕೋಡಿನ ಕಟ್ಟುಗಳನ್ನು) ಹಂಚಿಕೊಂಡು ನಡೆಸುತ್ತೇವೆ. ಒಂದು ಊರು ಮತ್ತು ತಾಲ್ಲೂಕುಗಳ ಕನ್ನಡ ಹೆಸರುಗಳನ್ನು ನಿಭಾಯಿಸುತ್ತದೆ. ಇನ್ನೊಂದು ಅದನ್ನು ಆಧರಿಸಿ, ಎ.ಪಿ.ಎಂ.ಸಿ. ಮಾರುಕಟ್ಟೆಗಳ ಧಾರಣೆಯನ್ನು ಓದಿಕೊಂಡು ಜೇಸನ್ ಎಂಬ ದತ್ತಾಂಶ ರೂಪದಲ್ಲಿ ಕೊಡುತ್ತದೆ. ಇವನ್ನು ಇಲ್ಲಿ ಊರಿನ ಲೈಬ್ರರಿ, ಧಾರಣೆಯ ಲೈಬ್ರರಿ ಎಂದು ಕರೆಯುತ್ತೇನೆ. ಎರಡೂ ಚಿಕ್ಕವು, ಆದರೆ ಇವುಗಳ ಕೆಳಗೆ ಹತ್ತಾರು ಪರರ ಲೈಬ್ರರಿಗಳಿವೆ, ಮತ್ತು ನಮ್ಮ ಬಳಗದಲ್ಲಿ ಎಲ್ಲರ ಬಳಿಯೂ ಒಂದೇ ಆವೃತ್ತಿಯ ಕಂಪೈಲರ್ (ಕೋಡನ್ನು ಯಂತ್ರ ಓಡಿಸಬಲ್ಲ ರೂಪಕ್ಕೆ ತರುವ ತಂತ್ರಾಂಶ) ಇಲ್ಲ. ಹೀಗಾಗಿ ಧಾರವಾಡದಲ್ಲಿ ಸರಾಗವಾಗಿ ಕಟ್ಟಿಕೊಳ್ಳುವ ಕೋಡು ಗದಗಿನಲ್ಲಿ ನಿಂತುಬಿಡುವುದು ಮೇಲಿಂದ ಮೇಲೆ ನಡೆಯುತ್ತದೆ. ಇಂತಹ ದೋಷಗಳಲ್ಲಿ ಬಹುಪಾಲು ಯಾರೊಬ್ಬರ ಕೋಡಿನಲ್ಲೂ ಇರುವುದಿಲ್ಲ. ಲೈಬ್ರರಿಗಳು ಪರಸ್ಪರ ಮಾಡಿಕೊಂಡ ಒಪ್ಪಂದದಲ್ಲಿ, ಅಂದರೆ ಯಾವುದು ಯಾವುದರ ಯಾವ ಆವೃತ್ತಿಯನ್ನು ಒಪ್ಪುತ್ತದೆ ಎಂಬ ಮಿತಿಗಳಲ್ಲಿ ಇರುತ್ತವೆ. ಆದ್ದರಿಂದ ದೋಷ ಕಂಡೊಡನೆ ಕೋಡು ತಿದ್ದಲು ಕೂರಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಎಲ್ಲಿ ನಿಂತಿತು ಎಂಬುದನ್ನು ಮೊದಲು ನೋಡಿ

ಕೆಲಸ ನಾಲ್ಕು ಘಟ್ಟಗಳಲ್ಲಿ ನಿಲ್ಲಬಹುದು. ಒಂದು ಸಾಲೂ ಕಂಪೈಲ್ ಆಗುವ ಮೊದಲೇ ಕಬಾಲ್, ಅಂದರೆ ಬೇಕಾದ ಪ್ಯಾಕೇಜುಗಳನ್ನು (ಹಂಚಲು ಕಟ್ಟಿದ ಲೈಬ್ರರಿಗಳನ್ನು) ಆರಿಸಿ ಕಟ್ಟುವ ಸಾಧನ, ಕೈಚೆಲ್ಲಬಹುದು. ಯಾವುದೋ ಒಂದು ಪ್ಯಾಕೇಜ್ ಕಂಪೈಲ್ ಆಗುವಾಗ ಮುರಿಯಬಹುದು. ಎಲ್ಲವೂ ಕಂಪೈಲ್ ಆಗಿ, ಓಡುವಾಗ ಬೀಳಬಹುದು. ಕೊನೆಯದಾಗಿ, ಬೀಳದೆಯೇ ತಪ್ಪು ಉತ್ತರ ಕೊಡಬಹುದು. ಈ ನಾಲ್ಕರಲ್ಲಿ ಯಾವುದು ಎಂದು ತಿಳಿಯದೆ ಮಾಡುವ ತಿದ್ದುಪಡಿಗಳು ಒಂದರ ಮೇಲೊಂದು ಕೂತು, ಮೂಲ ದೋಷವನ್ನೇ ಮುಚ್ಚಿಹಾಕುತ್ತವೆ.

ಇದರ ಜೊತೆಗೆ, ಕೋಡು ಓಡುವ ಯಂತ್ರದಿಂದಲೂ ಓಡದ ಯಂತ್ರದಿಂದಲೂ ಒಂದೇ ಮಾಹಿತಿಯನ್ನು ತರಿಸಿಕೊಳ್ಳಿ: ಜಿ.ಎಚ್.ಸಿ. (ಹ್ಯಾಸ್ಕೆಲ್ ಕಂಪೈಲರ್) ಆವೃತ್ತಿ, ಕಬಾಲ್ ಆವೃತ್ತಿ, ಮತ್ತು ಡಿಸ್ಟ್-ನ್ಯೂಸ್ಟೈಲ್ ಫೋಲ್ಡರಿನೊಳಗೆ ಕ್ಯಾಶ್‌ನಲ್ಲಿ ಸಿಗುವ ಪ್ಲಾನ್ ಡಾಟ್ ಜೇಸನ್ ಕಡತ. ಈ ಕಡತವನ್ನು ತೆರೆದು ನೋಡುವವರು ಕಡಿಮೆ. ಕಬಾಲ್ ಕೊನೆಗೆ ಯಾವ ಪ್ಯಾಕೇಜಿನ ಯಾವ ಆವೃತ್ತಿಯನ್ನು ಆರಿಸಿತು ಎಂಬ ಪೂರ್ತಿ ಲೆಕ್ಕ ಅದರಲ್ಲಿರುತ್ತದೆ. ಇಬ್ಬರ ಕಡತಗಳನ್ನೂ ಅಕ್ಕಪಕ್ಕ ಇಟ್ಟು ಹೋಲಿಸಿದರೆ ವ್ಯತ್ಯಾಸ ಇರುವ ಪ್ಯಾಕೇಜುಗಳು ತಾವಾಗಿ ಎದ್ದು ಕಾಣುತ್ತವೆ, ಮತ್ತು 'ನನ್ನಲ್ಲಿ ಆಗುತ್ತದೆ, ನಿನ್ನಲ್ಲೇ ಏನೋ ಸರಿಯಿಲ್ಲ' ಎಂಬ ವಾದ ಅಲ್ಲಿಗೆ ಮುಗಿಯುತ್ತದೆ. ಒಂದೇ ಎಚ್ಚರಿಕೆ: ಕಬಾಲ್ ಮೊದಲ ಘಟ್ಟದಲ್ಲೇ ನಿಂತಿದ್ದರೆ ಈ ಕಡತ ಹುಟ್ಟಿರುವುದಿಲ್ಲ, ಇದ್ದರೂ ಹಿಂದಿನ ಸಲದ್ದಾಗಿರುತ್ತದೆ.

ಕಂಪೈಲ್ ಆಗುವ ಮೊದಲೇ ನಿಂತಾಗ

ಈ ಘಟ್ಟದ ಗುರುತು 'ಕುಡ್ ನಾಟ್ ರಿಸಾಲ್ವ್ ಡಿಪೆಂಡೆನ್ಸೀಸ್' ಎಂಬ ಸಾಲು. ಅದರ ಕೆಳಗೆ ಚೌಕ ಕಂಸದೊಳಗೆ ಸೊನ್ನೆ, ಒಂದು, ಎರಡು ಎಂದು ಕ್ರಮಾಂಕ ಹೊತ್ತ ಸಾಲುಗಳು ಬರುತ್ತವೆ. 'ಟ್ರೈಯಿಂಗ್' ಎಂದಿರುವ ಸಾಲು ಕಬಾಲ್ ಆರಿಸಿ ನೋಡಿದ ಆವೃತ್ತಿಯನ್ನು ಹೇಳುತ್ತದೆ, 'ರಿಜೆಕ್ಟಿಂಗ್' ಎಂದಿರುವ ಸಾಲು ತಳ್ಳಿಹಾಕಿದ ಆವೃತ್ತಿಯನ್ನೂ ಅದಕ್ಕೆ ಕಾರಣವನ್ನೂ ಹೇಳುತ್ತದೆ. ಓದಬೇಕಾದದ್ದು ಮೊದಲ 'ರಿಜೆಕ್ಟಿಂಗ್' ಸಾಲಿನ ಕೊನೆಯಲ್ಲಿರುವ 'ಕಾನ್‌ಫ್ಲಿಕ್ಟ್' ಎಂಬ ಭಾಗವನ್ನು. ನಮ್ಮಲ್ಲಿ ಅತಿ ಹೆಚ್ಚು ಸಲ ಕಂಡದ್ದು ಹೀಗಿರುತ್ತದೆ: ಯಂತ್ರದಲ್ಲಿರುವುದು ಬೇಸ್ (ಹ್ಯಾಸ್ಕೆಲ್ ಭಾಷೆಯ ಮೂಲ ಲೈಬ್ರರಿ) 4.18, ಊರಿನ ಲೈಬ್ರರಿ ಕೇಳುತ್ತಿರುವುದು 4.12 ಅಥವಾ ಅದಕ್ಕಿಂತ ಮೇಲಿನ, ಆದರೆ 4.18ಕ್ಕಿಂತ ಕೆಳಗಿನ ಬೇಸ್.

ಇಲ್ಲಿ ಹೇಳುವ ಕಂಪೈಲರುಗಳಲ್ಲಿ ಬೇಸ್ ಲೈಬ್ರರಿಯನ್ನು ಬೇರೆ ಆವೃತ್ತಿಗೆ ಬದಲಾಯಿಸಿಕೊಳ್ಳಲು ಬರುವುದಿಲ್ಲ. ಅದು ಕಂಪೈಲರಿನ ಜೊತೆಗೇ ಬರುತ್ತದೆ: ಜಿ.ಎಚ್.ಸಿ. 9.2ಕ್ಕೆ ಬೇಸ್ 4.16, 9.4ಕ್ಕೆ 4.17, 9.6ಕ್ಕೆ 4.18, 9.8ಕ್ಕೆ 4.19. ಆದ್ದರಿಂದ ಬೇಸ್ ಕುರಿತ ಜಗಳ ಎಂದರೆ ಅದು ಕಂಪೈಲರ್ ಕುರಿತ ಜಗಳವೇ ಸರಿ. ಕಂಪೈಲರುಗಳನ್ನು ತಂದುಹಾಕುವ ಜಿ.ಎಚ್.ಸಿ.ಅಪ್ ಮೂಲಕ ಹಳೆಯ ಕಂಪೈಲರನ್ನು ಹಾಕಿಕೊಂಡು 9.4ರಲ್ಲಿ ಕಟ್ಟಿ ನೋಡಿ. ಅಲ್ಲಿ ಕಟ್ಟಿಕೊಂಡರೆ ತಪ್ಪು ಮೇಲಿನ ಮಿತಿಯದು ಮಾತ್ರ ಎಂದು ಬಹುತೇಕ ಖಚಿತವಾಗುತ್ತದೆ.

ಮಿತಿಯನ್ನು ಯಾಕಾದರೂ ಹಾಕುತ್ತಾರೆ ಎಂದು ಹೊಸಬರು ಕೇಳುವುದುಂಟು. ಹ್ಯಾಸ್ಕೆಲ್ ಸಮುದಾಯದ ಪಿ.ವಿ.ಪಿ. ಎಂಬ ಆವೃತ್ತಿ ನಿಯಮದಲ್ಲಿ ಮೊದಲ ಎರಡು ಅಂಕಿಗಳು ಸೇರಿ ದೊಡ್ಡ ಆವೃತ್ತಿಯಾಗುತ್ತವೆ. ಒಂದು ಫಂಕ್ಷನ್ ತೆಗೆದರೆ, ಅದರ ಟೈಪ್ (ಅದು ಪಡೆಯುವ, ಕೊಡುವ ದತ್ತಾಂಶದ ಬಗೆ) ಬದಲಿಸಿದರೆ, ಅನಾಥ (ಕ್ಲಾಸನ್ನೂ ಟೈಪನ್ನೂ ಬೇರೆಡೆಯಿಂದ ತಂದು ಬೆಸೆಯುವ) ಇನ್‌ಸ್ಟೆನ್ಸ್ ಸೇರಿಸಿದರೆ ಈ ಎರಡರಲ್ಲೊಂದು ಏರಲೇಬೇಕು. ಹೊಸ ಫಂಕ್ಷನ್ ಸೇರಿಸಿದ್ದಷ್ಟೇ ಆದರೆ ಮೂರನೆಯ ಅಂಕಿ ಏರಿದರೆ ಸಾಕು. ಊರಿನ ಲೈಬ್ರರಿಯ 0.2.1 ಆವೃತ್ತಿಯೊಡನೆ ಪರೀಕ್ಷಿಸಿದ್ದೇವೆ, 0.3 ಬಂದರೆ ಏನಾಗುವುದೋ ಹೇಳಲಾಗದು ಎಂಬ ಪ್ರಾಮಾಣಿಕ ಹೇಳಿಕೆಯೇ ಮೇಲಿನ ಮಿತಿ. ಆ ಹೇಳಿಕೆ ಹಳತಾದಾಗ ಅದನ್ನು ಹೊಸದಾಗಿಸಬೇಕೇ ಹೊರತು ಹೇಳಿಕೆಯನ್ನೇ ಅಳಿಸಬಾರದು. ಅಳಿಸಿದರೆ ಏನಾಗುತ್ತದೆ ಎಂಬುದು ಮುಂದಿನ ದೋಷದಲ್ಲಿ ಕಾಣುತ್ತದೆ.

ನೀವು ಮುಟ್ಟದ ಪ್ಯಾಕೇಜ್ ಮುರಿದಾಗ

ಕಬಾಲ್ ಯಾವ ಜಗಳವನ್ನೂ ಆಡದೆ ಆವೃತ್ತಿಗಳನ್ನು ಆರಿಸುತ್ತದೆ, ಆದರೆ ಕಂಪೈಲ್ ಮಾಡುವಾಗ ನೀವು ಹೆಸರೂ ಕೇಳದ ಪ್ಯಾಕೇಜೊಂದು ಮುರಿದು ಬೀಳುತ್ತದೆ. ದೂರು ಸಾಮಾನ್ಯವಾಗಿ 'ನೋ ಇನ್‌ಸ್ಟೆನ್ಸ್ ಫಾರ್ ಸೆಮಿಗ್ರೂಪ್' ಎಂದಿರುತ್ತದೆ. ಈ ಒಂದು ಸಾಲು ಬಹಳಷ್ಟನ್ನು ಹೇಳುತ್ತದೆ. 2018ರಲ್ಲಿ ಬಂದ ಜಿ.ಎಚ್.ಸಿ. 8.4ರಿಂದ, ಅಂದರೆ ಬೇಸ್ 4.11ರಿಂದ, ಮೊನಾಯ್ಡ್ (ಒಂದಕ್ಕೊಂದು ಕೂಡಿಸಬಲ್ಲ, ಖಾಲಿ ಮೌಲ್ಯವೂ ಇರುವ ಟೈಪು) ಆಗಬೇಕಾದ ಪ್ರತಿಯೊಂದು ಟೈಪೂ ಮೊದಲು ಸೆಮಿಗ್ರೂಪ್ (ಕೂಡಿಸಬಲ್ಲ ಟೈಪು) ಆಗಿರಲೇಬೇಕು. ಆದ್ದರಿಂದ ಈ ದೂರು ಬಂದ ಪ್ಯಾಕೇಜಿನ ಆವೃತ್ತಿ ಹೆಚ್ಚುಕಡಿಮೆ 2018ಕ್ಕಿಂತ ಹಿಂದಿನದು. ಅಷ್ಟು ಹಳೆಯದನ್ನು ಕಬಾಲ್ ಇಂದು ಆರಿಸಿದ್ದು ಯಾಕೆ ಎಂದು ಕೇಳಿಕೊಳ್ಳಬೇಕು.

ಉತ್ತರ ಇದು. ಆ ಪ್ಯಾಕೇಜಿನ ಹೊಸ ಆವೃತ್ತಿಗಳಿಗೆಲ್ಲ ಮೇಲಿನ ಮಿತಿ ಇದೆ, ಮತ್ತು ಆ ಮಿತಿಗಳು ನಿಮ್ಮ ಕಂಪೈಲರನ್ನು ಇನ್ನೂ ಒಪ್ಪಿಲ್ಲ. ಕಬಾಲ್ ಒಂದೊಂದಾಗಿ ಹಿಂದಕ್ಕೆ ಸರಿಯುತ್ತ ಹೋಗಿ, ಮಿತಿಯನ್ನೇ ಬರೆಯದಿದ್ದ ಯಾವುದೋ ಪುರಾತನ ಆವೃತ್ತಿಯನ್ನು ಕಂಡಿದೆ. ಮಿತಿ ಇಲ್ಲದಿರುವುದನ್ನು ಅದು 'ಎಲ್ಲದಕ್ಕೂ ಒಪ್ಪಿಗೆ' ಎಂದೇ ಓದುತ್ತದೆ. ನಿಮ್ಮ ಪ್ರಾಜೆಕ್ಟ್ ಕಡತದಲ್ಲಿ (ಕಬಾಲ್ ಡಾಟ್ ಪ್ರಾಜೆಕ್ಟ್) ಆ ಪ್ಯಾಕೇಜಿಗೆ ಒಂದು ಕೆಳಗಿನ ಮಿತಿಯನ್ನು ಕನ್‌ಸ್ಟ್ರೇಂಟ್ ಆಗಿ ಹಾಕಿ ನೋಡಿ. ದೋಷ ಆಗ ಮೊದಲ ಘಟ್ಟಕ್ಕೆ ಹಿಂದಿರುಗಿ, ನಿಜವಾದ ಜಗಳ ಯಾರ ನಡುವೆ ಇದೆ ಎಂಬುದು ಸ್ಪಷ್ಟವಾಗಿ ಕಾಣುತ್ತದೆ. ನೋಡಲು ಇದು ಹಿನ್ನಡೆಯಂತೆ ಕಂಡರೂ ಪತ್ತೆಯ ಕೆಲಸದಲ್ಲಿ ಇದೇ ಮುನ್ನಡೆ.

ನಮ್ಮದೇ ಕೋಡು ಕಂಪೈಲ್ ಆಗದಿದ್ದಾಗ

ಇಲ್ಲಿ ಮೂರು ಗುರುತುಗಳನ್ನು ತಿಳಿದಿದ್ದರೆ ಸಾಕಷ್ಟು ದೂರ ಹೋಗಬಹುದು. ವೆನ್, ಅನ್‌ಲೆಸ್, ಫಾರ್‌ಎಂ ಮುಂತಾದ ದಿನಬಳಕೆಯ ಫಂಕ್ಷನ್‌ಗಳೇ 'ನಾಟ್ ಇನ್ ಸ್ಕೋಪ್' (ಈ ಹೆಸರು ಇಲ್ಲಿ ಗೊತ್ತಿಲ್ಲ) ಎಂದು ಬಂದರೆ ಎಂ.ಟಿ.ಎಲ್. ಎಂಬ ಲೈಬ್ರರಿಯ 2.3ರ ಬದಲಾವಣೆಯನ್ನು ನೆನೆಯಿರಿ. ಅದಕ್ಕಿಂತ ಹಿಂದೆ ಕಂಟ್ರೋಲ್ ಮೊನಾಡ್ ಸ್ಟೇಟ್ ಎಂಬ ಮಾಡ್ಯೂಲನ್ನು ತಂದುಕೊಂಡರೆ ಕಂಟ್ರೋಲ್ ಮೊನಾಡ್ ತಾನಾಗಿ ಬರುತ್ತಿತ್ತು, ಈಗ ಬರುವುದಿಲ್ಲ. ಜಿ.ಎಚ್.ಸಿ. 9.6ರ ಜೊತೆಗೆ ಎಂ.ಟಿ.ಎಲ್. 2.3.1 ಬರುವುದರಿಂದ ಕಂಪೈಲರ್ ಏರಿಸಿದವರಿಗೆ ಇದು ಮೊದಲು ಕಾಣುತ್ತದೆ. ಕಂಟ್ರೋಲ್ ಮೊನಾಡನ್ನು ನೇರವಾಗಿ ತಂದುಕೊಳ್ಳುವ ಒಂದು ಸಾಲು ಸೇರಿಸಿದರೆ ಹಳೆಯ, ಹೊಸ ಎರಡರಲ್ಲೂ ಕಂಪೈಲ್ ಆಗುತ್ತದೆ.

ಜೇಸನ್ ಬರೆಯುವ ಕಡೆ 'ಕೀ ಬೇಕಾಗಿತ್ತು, ಟೆಕ್ಸ್ಟ್ ಸಿಕ್ಕಿತು' ಎಂಬ ಅರ್ಥದ ದೂರು ಬಂದರೆ ಅದು ಜೇಸನ್ ನಿಭಾಯಿಸುವ ಲೈಬ್ರರಿಯಾದ ಈಸನ್‌ನ, 2021ರಲ್ಲಿ ಬಂದ 2.0ರದು. ಅದಕ್ಕೆ ಮೊದಲು ಜೇಸನ್ ಆಬ್ಜೆಕ್ಟ್ ಎಂದರೆ ಟೆಕ್ಸ್ಟ್ ಕೀಲಿಗಳಿಂದ ಮೌಲ್ಯ ಹುಡುಕುವ ಹ್ಯಾಶ್‌ಮ್ಯಾಪ್ ಆಗಿತ್ತು. ಹ್ಯಾಶ್ ಘರ್ಷಣೆಯನ್ನು ಬೇಕೆಂದೇ ಉಂಟುಮಾಡಿ ಸರ್ವರನ್ನು ನಿಧಾನಿಸುವ ದಾಳಿಗೆ ಅದು ತೆರೆದುಕೊಂಡಿದ್ದ ಕಾರಣ ಕೀಮ್ಯಾಪ್ ಮತ್ತು ಕೀ ಎಂಬ ಪ್ರತ್ಯೇಕ ಟೈಪುಗಳು ಬಂದವು. ಕೋಡಿನಲ್ಲಿ ನೇರವಾಗಿ ಬರೆದ ಕೀಲಿಗಳು, ಉದ್ಧರಣ ಚಿಹ್ನೆಯೊಳಗಿನ ಪಠ್ಯವನ್ನು ಬೇಕಾದ ಟೈಪಿಗೆ ತಿರುಗಿಸುವ ಓವರ್‌ಲೋಡೆಡ್ ಸ್ಟ್ರಿಂಗ್ಸ್ ಇದ್ದರೆ ಹಾಗೆಯೇ ನಡೆಯುತ್ತವೆ. ತಾಲ್ಲೂಕಿನ ಹೆಸರನ್ನು ವೇರಿಯಬಲ್‌ನಿಂದ ಕೀಲಿ ಮಾಡುವ ಜಾಗದಲ್ಲಿ ಮಾತ್ರ ಮುರಿಯುತ್ತದೆ. ಅಲ್ಲಿ ಕೀ ಮಾಡ್ಯೂಲಿನ ಫ್ರಮ್‌ಟೆಕ್ಸ್ಟ್ ಬಳಸಬೇಕು. ಹಳೆಯ ಈಸನ್‌ನಲ್ಲಿ ಉಳಿದಿರುವ ಸದಸ್ಯರಿದ್ದರೆ ಆವೃತ್ತಿಯನ್ನು ಕೇಳಿ ಕವಲೊಡೆಯುವ ಸಿ.ಪಿ.ಪಿ. ಮ್ಯಾಕ್ರೋ ಹಾಕಬಹುದು. ಅದನ್ನು ಒಂದೇ ಒಂದು ಚಿಕ್ಕ ಮಾಡ್ಯೂಲಿಗೆ ಸೀಮಿತಗೊಳಿಸಬೇಕು ಎಂದು ನಾನು ಒತ್ತಾಯಿಸುತ್ತೇನೆ, ಏಕೆಂದರೆ ಲೈಬ್ರರಿಯ ತುಂಬ ಚದುರಿದ ಮ್ಯಾಕ್ರೋಗಳನ್ನು ಮುಂದೆ ತೆಗೆಯುವವರೇ ಇರುವುದಿಲ್ಲ.

ಮೂರನೆಯದು, ಒಂದೇ ಹೆಸರಿನ ಎರಡು ಟೈಪುಗಳು ಹೊಂದುತ್ತಿಲ್ಲ ಎಂಬ ದೂರು: ಪಠ್ಯದ ಲೈಬ್ರರಿಯಾದ ಟೆಕ್ಸ್ಟ್ 1.2ರ ಟೆಕ್ಸ್ಟ್ ಮತ್ತು ಟೆಕ್ಸ್ಟ್ 2.0ರ ಟೆಕ್ಸ್ಟ್. ಕಬಾಲ್ ಮೂಲಕವೇ ಕಟ್ಟಿದರೆ ಇದು ಬರುವುದು ಅಪರೂಪ. ಯಾರೋ ಹಿಂದೆ 'ಕಬಾಲ್ ಇನ್‌ಸ್ಟಾಲ್' ಆದೇಶವನ್ನು ಲಿಬ್ ಆಯ್ಕೆಯೊಡನೆ ಕೊಟ್ಟಿರುತ್ತಾರೆ, ಅದು ಹೋಮ್ ಫೋಲ್ಡರಿನ ಜಿ.ಎಚ್.ಸಿ. ಕಡತಗಳ ನಡುವೆ ಎನ್ವಿರಾನ್‌ಮೆಂಟ್ ಕಡತವೊಂದನ್ನು ಬರೆದಿಟ್ಟಿರುತ್ತದೆ, ನೇರವಾಗಿ ಜಿ.ಎಚ್.ಸಿ. ನಡೆಸಿದಾಗ ಅದು ಸದ್ದಿಲ್ಲದೆ ಹಳೆಯ ಪ್ಯಾಕೇಜುಗಳನ್ನು ಮುಂದೆ ತರುತ್ತದೆ. ಆ ಕಡತವನ್ನು ಬೇರೆಡೆ ಸರಿಸಿ ಮತ್ತೆ ಕಟ್ಟಿ ನೋಡಿ.

ಪ್ರಾಜೆಕ್ಟ್ ಕಡತದ ಭ್ರಮೆ

ಹಂಚಿಕೊಂಡ ಲೈಬ್ರರಿಗಳಲ್ಲಿ ಅತಿ ಹೆಚ್ಚು ಸಮಯ ತಿನ್ನುವ ದೋಷ ಇದು. ಊರಿನ ಲೈಬ್ರರಿಯನ್ನು ಅದರ ರೆಪಾಸಿಟರಿಯೊಳಗೆ ಕಟ್ಟಿದರೆ ಎಲ್ಲ ಪರೀಕ್ಷೆಗಳೂ ತೇರ್ಗಡೆಯಾಗುತ್ತವೆ. ಅದನ್ನೇ ಅವಲಂಬಿಸಿದ ಧಾರಣೆಯ ಲೈಬ್ರರಿಯಲ್ಲಿ ಕಟ್ಟಿದರೆ ಮೊದಲ ಘಟ್ಟದಲ್ಲೇ ನಿಲ್ಲುತ್ತದೆ. ಕಾರಣ ಹುಡುಕಲು ಊರಿನ ಲೈಬ್ರರಿಯ ಕಬಾಲ್ ಡಾಟ್ ಪ್ರಾಜೆಕ್ಟ್ ಕಡತವನ್ನು ತೆರೆಯಿರಿ. ಅಲ್ಲಿ ಮೇಲಿನ ಮಿತಿಗಳನ್ನು ಸಡಿಲಿಸುವ ಅಲೌ-ನ್ಯೂವರ್ ಇರಬಹುದು, ಕೋಡಿನ ಇತಿಹಾಸ ಕಾಯುವ ಗಿಟ್‌ನಿಂದ ನೇರವಾಗಿ ತಂದ ಪ್ಯಾಕೇಜ್ ಇರಬಹುದು, ಪಕ್ಕದಲ್ಲೇ ಆವೃತ್ತಿಗಳನ್ನು ಕಟ್ಟಿಹಾಕುವ ಫ್ರೀಜ್ ಕಡತವೂ ಇರಬಹುದು. ಇವು ಯಾವುವೂ ಆ ಲೈಬ್ರರಿಯನ್ನು ಬಳಸುವವರಿಗೆ ತಲುಪುವುದಿಲ್ಲ. ಅವಲಂಬಿತ ಪ್ಯಾಕೇಜಿನ ಪ್ರಾಜೆಕ್ಟ್ ಕಡತವನ್ನು ಕಬಾಲ್ ಓದುವುದೇ ಇಲ್ಲ. ಅದು ಓದುವುದು ಪ್ಯಾಕೇಜಿನ ಸ್ವಂತ ಡಾಟ್ ಕಬಾಲ್ ಕಡತವನ್ನು ಮಾತ್ರ.

ಅಲೌ-ನ್ಯೂವರ್ ಪತ್ತೆಯ ಸಾಧನವಾಗಿ ಅತ್ಯುತ್ತಮವಾದದ್ದು. ಇಂಥ ಪ್ಯಾಕೇಜಿನ ಬೇಸ್ ಮಿತಿಯೊಂದನ್ನೇ ಸಡಿಲಿಸು ಎಂದು ಬರೆದು ಕಟ್ಟಿದಾಗ ಕಂಪೈಲ್ ಆಗಿ, ಪರೀಕ್ಷೆಗಳೂ ತೇರ್ಗಡೆಯಾದರೆ ಮಿತಿಯನ್ನು ಏರಿಸಬಹುದೆಂಬುದಕ್ಕೆ ಸಾಕ್ಷಿ ಸಿಕ್ಕಿತು. ಆ ಸಾಕ್ಷಿಯನ್ನು ಡಾಟ್ ಕಬಾಲ್ ಕಡತಕ್ಕೆ ದಾಟಿಸಿ, ಅಲೌ-ನ್ಯೂವರ್ ಸಾಲನ್ನು ಅಳಿಸಬೇಕು. ಎಲ್ಲ ಪ್ಯಾಕೇಜುಗಳ ಎಲ್ಲ ಮಿತಿಗಳನ್ನೂ ಒಂದೇ ಸಾಲಿನಲ್ಲಿ ಸಡಿಲಿಸಿ ಕುಳಿತರೆ ಹಾವೇರಿಯವರು ಕಟ್ಟುತ್ತಿರುವುದು ಒಂದು, ಧಾರವಾಡದವರು ಕಟ್ಟುತ್ತಿರುವುದು ಇನ್ನೊಂದು ಆಗುತ್ತದೆ. ಗಿಟ್‌ನಿಂದ ತರುವ ಪ್ಯಾಕೇಜಿಗೆ ಬದಲಾಗುತ್ತಿರುವ ಬ್ರಾಂಚಿನ ಹೆಸರು ಕೊಡದೆ ಕಮಿಟ್ಟಿನ (ಒಂದು ನಿಶ್ಚಿತ ಸ್ಥಿತಿಯ) ಪೂರ್ಣ ಗುರುತನ್ನೇ ಕೊಡಬೇಕೆಂಬುದೂ ಇದೇ ಕಾರಣಕ್ಕೆ.

ಓಡುವಾಗ ಬಿದ್ದಾಗ

ಟರ್ಮಿನಲ್‌ನಲ್ಲಿ ಕೈಯಿಂದ ನಡೆಸಿದರೆ ಓಡುತ್ತದೆ, ಕ್ರಾನ್ (ನಿಗದಿತ ಸಮಯಕ್ಕೆ ತಾನಾಗಿ ಓಡಿಸುವ ಸಾಧನ) ಮೂಲಕ ಅಥವಾ ಕಂಟೇನರಿನೊಳಗೆ (ಪ್ರತ್ಯೇಕಿಸಿದ ಪರಿಸರದೊಳಗೆ) ನಡೆಸಿದರೆ 'ಕಮಿಟ್‌ಬಫರ್, ಇನ್‌ವ್ಯಾಲಿಡ್ ಆರ್ಗ್ಯುಮೆಂಟ್' ಎಂದು ಬೀಳುತ್ತದೆ. ಹೊಸ ಕಂಪೈಲರಾದರೆ ಬರೆಯಲಾಗದ ಅಕ್ಷರದ ಸಂಖ್ಯೆಯನ್ನೂ ಹೇಳುತ್ತದೆ. 3221 ಎಂದಿದ್ದರೆ ಅದು 'ಕ'. ಹ್ಯಾಸ್ಕೆಲ್‌ನಲ್ಲಿ ಕಡತಗಳೂ ಟರ್ಮಿನಲ್ಲೂ ಲೊಕೇಲ್ (ಯಂತ್ರದ ಭಾಷೆಯ ಹೊಂದಿಕೆ) ಹೇಳಿದ ಸಂಕೇತ ಪದ್ಧತಿಯನ್ನೇ ಅನುಸರಿಸುತ್ತವೆ. ಕ್ರಾನ್‌ಗೆ ಲ್ಯಾಂಗ್ ಎಂಬ ಚರಾಂಶ ಸಿಗದಿದ್ದಾಗ ಲೊಕೇಲ್ ಬರಿಯ ಆಸ್ಕಿ (ಇಂಗ್ಲಿಷ್ ಅಕ್ಷರಗಳ) ಮಟ್ಟಕ್ಕೆ ಇಳಿಯುತ್ತದೆ, ಕನ್ನಡದ ಮೊದಲ ಅಕ್ಷರಕ್ಕೇ ಕೆಲಸ ನಿಲ್ಲುತ್ತದೆ. ಲ್ಯಾಂಗ್ ಹೊಂದಿಸುವುದು ತಾತ್ಕಾಲಿಕ ಪರಿಹಾರ. ಲೈಬ್ರರಿಯಾದರೆ ಬಳಸುವವರ ಲೊಕೇಲನ್ನು ನಂಬದೆ, ಬೈಟ್‌ಸ್ಟ್ರಿಂಗ್ ಆಗಿ ಓದಿ ಯು.ಟಿ.ಎಫ್-8 ಎಂದು ಬಿಡಿಸಿಕೊಳ್ಳಬೇಕು. ಟೆಕ್ಸ್ಟ್ 2.1ರಿಂದ ಯು.ಟಿ.ಎಫ್-8ಕ್ಕೆಂದೇ ಪ್ರತ್ಯೇಕ ಓದು-ಬರಹದ ಮಾಡ್ಯೂಲೂ ಇದೆ.

ಟೆಕ್ಸ್ಟ್ 2.0ರಲ್ಲಿ ಒಳಗಿನ ಸಂಗ್ರಹವೇ ಯು.ಟಿ.ಎಫ್-16ರಿಂದ ಯು.ಟಿ.ಎಫ್-8ಕ್ಕೆ ಬದಲಾಯಿತು. 'ಹುಬ್ಬಳ್ಳಿ' ಎಂಬುದರಲ್ಲಿ 9 ಯೂನಿಕೋಡ್ ಸಂಕೇತಗಳಿವೆ; ಮೊದಲು ಅದು 18 ಬೈಟು ಹಿಡಿಯುತ್ತಿತ್ತು, ಈಗ 27. ಲೆಂಗ್ತ್ ಫಂಕ್ಷನ್ ಎರಡರಲ್ಲೂ 9 ಎಂದೇ ಹೇಳುವುದರಿಂದ ಸಾಮಾನ್ಯ ಬಳಕೆಗೆ ತೊಂದರೆಯಿಲ್ಲ. ಟೆಕ್ಸ್ಟ್‌ನ ಅನ್‌ಸೇಫ್ ಅಥವಾ ಅರ್ರೇ ಮಾಡ್ಯೂಲುಗಳೊಳಗೆ ಕೈಹಾಕಿ 16 ಬಿಟ್‌ಗಳ ಲೆಕ್ಕದಲ್ಲಿ ಬರೆದ ಕೋಡು ಮಾತ್ರ ಮುರಿಯುತ್ತದೆ.

ಬೀಳದೆ ತಪ್ಪು ಉತ್ತರ ಬಂದಾಗ

ಆವೃತ್ತಿಗಳೆಲ್ಲ ಹೊಂದಿವೆ, ಟೈಪುಗಳೂ ಹೊಂದಿವೆ, ಆದರೂ ಧಾರಣೆಯ ಲೈಬ್ರರಿಗೆ ಹಾವೇರಿ ಸಿಗುತ್ತಿಲ್ಲ. ಗದಗ ಸಿಗುತ್ತದೆ, ಧಾರವಾಡ, ಹುಬ್ಬಳ್ಳಿ, ಬ್ಯಾಡಗಿ, ಸವಣೂರು ಸಿಗುತ್ತವೆ. ಹಾವೇರಿ, ರೋಣ, ಕುಂದಗೋಳ, ಹಿರೇಕೆರೂರು, ಗಜೇಂದ್ರಗಡ, ಲಕ್ಷ್ಮೇಶ್ವರ ಸಿಗುವುದಿಲ್ಲ. ಪರದೆಯ ಮೇಲೆ ಎರಡೂ ಕಡೆಯ ಹೆಸರುಗಳು ಒಂದೇ ಆಗಿ ಕಾಣುತ್ತವೆ.

ಇಂತಹ ಪಟ್ಟಿ ಸಿಕ್ಕಾಗ ಸಿಗದ ಹೆಸರುಗಳಲ್ಲಿ ಸಾಮಾನ್ಯವಾಗಿರುವುದನ್ನು ಹುಡುಕಬೇಕು. ಇಲ್ಲಿ ಪ್ರತಿಯೊಂದರಲ್ಲೂ 'ಏ' ಅಥವಾ 'ಓ' ಕಾರದ ದೀರ್ಘ ಚಿಹ್ನೆ ಇದೆ. ಸಿಗುವ ಹೆಸರುಗಳಲ್ಲಿ ಅದು ಇಲ್ಲ. ಯೂನಿಕೋಡ್‌ನಲ್ಲಿ ಈ ಚಿಹ್ನೆಗಳನ್ನು ಎರಡು ರೀತಿಯಲ್ಲಿ ಬರೆಯಬಹುದು: ಇಡಿಯಾಗಿ ಒಂದೇ ಸಂಕೇತವಾಗಿ, ಇಲ್ಲವೇ ಹ್ರಸ್ವ ಚಿಹ್ನೆ ಮತ್ತು ದೀರ್ಘದ ಗುರುತು ಎಂದು ಬಿಡಿಸಿ. ಕಣ್ಣಿಗೆ ಕಾಣದ ಈ ವ್ಯತ್ಯಾಸವನ್ನು ಹ್ಯಾಸ್ಕೆಲ್‌ನ ಶೋ ಫಂಕ್ಷನ್ ತೋರಿಸಿಕೊಡುತ್ತದೆ, ಏಕೆಂದರೆ ಅದು ಕನ್ನಡ ಅಕ್ಷರಗಳನ್ನು ದಶಮಾಂಶ ಸಂಖ್ಯೆಗಳಾಗಿ ಮುದ್ರಿಸುತ್ತದೆ. ಒಂದು ಕಡೆಯ ಹಾವೇರಿ ಹೀಗೆ ಬರುತ್ತದೆ: \3257\3262\3253\3271\3248\3263. ಇನ್ನೊಂದು ಕಡೆಯದು ಹೀಗೆ: \3257\3262\3253\3270\3285\3248\3263. ನಡುವಿನ 3271ರ ಜಾಗದಲ್ಲಿ 3270 ಮತ್ತು 3285 ಕುಳಿತಿವೆ. ಟೆಕ್ಸ್ಟ್ ಲೈಬ್ರರಿಗೆ ಇವು ಬೇರೆಬೇರೆ ಪದಗಳು, ಮ್ಯಾಪ್‌ನಲ್ಲಿ ಬೇರೆಬೇರೆ ಕೀಲಿಗಳು. ಬಿಡಿಸಿದ ರೂಪ ಬರುವ ಒಂದು ದಾರಿ ಮ್ಯಾಕ್‌ನ ಹಳೆಯ ಎಚ್.ಎಫ್.ಎಸ್. ಪ್ಲಸ್ ಡಿಸ್ಕುಗಳು, ಅವು ಕಡತದ ಹೆಸರನ್ನು ಬಿಡಿಸಿಯೇ ಇಟ್ಟುಕೊಳ್ಳುತ್ತವೆ, ಮಾರುಕಟ್ಟೆಯ ಹೆಸರನ್ನು ಕಡತದ ಹೆಸರಿನಿಂದ ತೆಗೆದುಕೊಂಡರೆ ಅದೇ ರೂಪ ಒಳಗೆ ಬರುತ್ತದೆ.

ಊರಿನ ಲೈಬ್ರರಿಯ ಬಾಗಿಲಲ್ಲೇ ಪ್ರತಿಯೊಂದು ಹೆಸರನ್ನೂ ಎನ್.ಎಫ್.ಸಿ. ರೂಪಕ್ಕೆ (ಇಡಿಯಾಗಿ ಜೋಡಿಸಿದ ಯೂನಿಕೋಡ್ ರೂಪಕ್ಕೆ) ತರುವುದು ಪರಿಹಾರ. ಯೂನಿಕೋಡ್-ಟ್ರಾನ್ಸ್‌ಫಾರ್ಮ್ಸ್ ಅಥವಾ ಟೆಕ್ಸ್ಟ್-ಐ.ಸಿ.ಯು. ಪ್ಯಾಕೇಜ್ ಈ ಕೆಲಸ ಮಾಡುತ್ತದೆ. ಹಾನಗಲ್ ಒಂದೇ ಸಿಗದಿದ್ದರೆ ಕಾರಣ ಬೇರೆ. ಕೊನೆಯ ಅರ್ಧಾಕ್ಷರದ ನಂತರ ಕೀಲಿಮಣೆ ಸೇರಿಸಿದ 8204 ಎಂಬ ಅದೃಶ್ಯ ಸಂಕೇತ ಉಳಿದಿರುತ್ತದೆ, ಅದನ್ನು ಎನ್.ಎಫ್.ಸಿ. ತೆಗೆಯುವುದಿಲ್ಲ, ಪದದ ಕೊನೆಯಲ್ಲಿದ್ದರೆ ನಾವೇ ಕತ್ತರಿಸಬೇಕು. ಪದದ ನಡುವೆ ಇದ್ದರೆ ಕತ್ತರಿಸಕೂಡದು, ಅಲ್ಲಿ ಅದು ಒತ್ತಕ್ಷರವಾಗುವುದನ್ನು ತಡೆಯುತ್ತಿರುತ್ತದೆ.

ಈ ತಿದ್ದುಪಡಿಯಲ್ಲಿ ಯಾವ ಫಂಕ್ಷನ್ನಿನ ಟೈಪೂ ಬದಲಾಗುವುದಿಲ್ಲವಾದ್ದರಿಂದ ಪಿ.ವಿ.ಪಿ. ಪ್ರಕಾರ ದೊಡ್ಡ ಆವೃತ್ತಿ ಏರಿಸುವ ಕಡ್ಡಾಯವಿಲ್ಲ. ಆದರೂ ಏರಿಸುವುದೇ ಸರಿ ಎಂದು ನಾನು ಭಾವಿಸುತ್ತೇನೆ. ಹಳೆಯ ಕೀಲಿಗಳನ್ನು ಡಿಸ್ಕಿನಲ್ಲಿ ಉಳಿಸಿಕೊಂಡವರಿಗೆ ಇದು ಟೈಪ್ ಬದಲಾವಣೆಗಿಂತ ದೊಡ್ಡ ಪೆಟ್ಟು, ಮತ್ತು ಕಂಪೈಲರ್ ಅವರನ್ನು ಎಚ್ಚರಿಸುವುದಿಲ್ಲ.

ಪತ್ತೆಯಾದ ದೋಷವನ್ನು ಯಾರಿಗೆ ಒಪ್ಪಿಸಬೇಕು

ದೋಷ ಪರರ ಪ್ಯಾಕೇಜಿನಲ್ಲಿದ್ದರೆ ಮೊದಲು ಅದರ ನಿರ್ವಾಹಕರಿಗೆ ತಿಳಿಸಬೇಕು: ಕಂಪೈಲರ್ ಆವೃತ್ತಿ, ಜಗಳದ ಸಾಲು, ಯಾವ ಮಿತಿಯನ್ನು ಸಡಿಲಿಸಿದಾಗ ಪರೀಕ್ಷೆಗಳು ತೇರ್ಗಡೆಯಾದವು ಎಂಬ ಮೂರೂ ಇರಲಿ. ಕೋಡು ಬದಲಾಗಬೇಕಿಲ್ಲದಿದ್ದರೆ ಹೊಸ ಬಿಡುಗಡೆಯೂ ಬೇಡ. ಹ್ಯಾಸ್ಕೆಲ್ ಪ್ಯಾಕೇಜುಗಳ ಸಾರ್ವಜನಿಕ ಭಂಡಾರವಾದ ಹ್ಯಾಕೇಜ್‌ಗೆ ಒಮ್ಮೆ ಏರಿಸಿದ ಕಡತಕಟ್ಟನ್ನು ಯಾರೂ ಬದಲಿಸಲಾರರು, ಆದರೆ ಅದರ ಮಿತಿಗಳನ್ನು ರಿವಿಷನ್ ಮೂಲಕ ತಿದ್ದಬಹುದು. ಮಿತಿ ಇಲ್ಲದ ಪುರಾತನ ಆವೃತ್ತಿಗಳಿಗೆ ಮಿತಿ ಹಾಕುವುದೂ ಹೀಗೆಯೇ. ನಿರ್ವಾಹಕರು ಉತ್ತರಿಸದಿದ್ದರೆ ಹ್ಯಾಕೇಜ್ ಟ್ರಸ್ಟಿಗಳಿಗೆ ಬರೆಯಬೇಕು. ರಿವಿಷನ್ ಮಾಡುವ ಅಧಿಕಾರ ಅವರಿಗಿದೆ. ನಮ್ಮದೇ ಲೈಬ್ರರಿಗಳು ಹೀಗೆ ಅನಾಥವಾಗದಂತೆ ಪ್ರತಿಯೊಂದಕ್ಕೂ ಬೇರೆಬೇರೆ ಊರಿನ ಇಬ್ಬರನ್ನು ನಿರ್ವಾಹಕರ ಪಟ್ಟಿಯಲ್ಲಿ ಸೇರಿಸಬೇಕು, ಮತ್ತು ಬಿಡುಗಡೆಗೆ ಮುನ್ನ ಕ್ಯಾಂಡಿಡೇಟ್ (ಪ್ರಾಯೋಗಿಕ ಪ್ರತಿ) ಆಗಿ ಏರಿಸಿ, ಹಳೆಯ ಹಾಗೂ ಹೊಸ ಎರಡೂ ಕಂಪೈಲರುಗಳಲ್ಲಿ ಕಟ್ಟಿ ನೋಡಬೇಕು. ಕೆಳಗಿನ ಮಿತಿಗಳು ನಿಜವೇ ಎಂದು ತಿಳಿಯಲು ಕಬಾಲ್ 3.8ರಿಂದ ಇರುವ ಅತಿ ಹಳೆಯ ಆವೃತ್ತಿಗಳನ್ನೇ ಆರಿಸುವ ಪ್ರಿಫರ್-ಓಲ್ಡೆಸ್ಟ್ ಆಯ್ಕೆ ಉಪಯುಕ್ತ.

ರಿವಿಷನ್ ಆದ ಮೇಲೂ ಯಾರಾದರೂ ಹಳೆಯ ಜಗಳವನ್ನೇ ವರದಿ ಮಾಡಿದರೆ ಅವರ ಪ್ರಾಜೆಕ್ಟ್ ಕಡತದಲ್ಲಿ ಇಂಡೆಕ್ಸ್-ಸ್ಟೇಟ್ ಎಂಬ ಸಾಲು ಇದೆಯೇ ನೋಡಿ. ಹ್ಯಾಕೇಜ್ ಸೂಚಿಯನ್ನು ಇಂಥ ದಿನದ ಸ್ಥಿತಿಯಲ್ಲಿ ಓದು ಎಂದು ಹೇಳುವ ಸಾಲು ಅದು, ಎಲ್ಲರ ಯಂತ್ರದಲ್ಲೂ ಒಂದೇ ಫಲಿತಾಂಶ ಬರಲೆಂದು ನಾವೇ ಹಾಕಿರುವುದು. ಆ ದಿನಾಂಕ ರಿವಿಷನ್‌ಗಿಂತ ಹಿಂದಿನದಾಗಿದ್ದರೆ ಎಷ್ಟು ಸಲ ಕಬಾಲ್ ಅಪ್‌ಡೇಟ್ ಮಾಡಿದರೂ ಹೊಸ ಮಿತಿ ಕಾಣುವುದಿಲ್ಲ. ದಿನಾಂಕವನ್ನು ಮುಂದಕ್ಕೆ ತಂದು, ಫ್ರೀಜ್ ಕಡತವನ್ನು ಮತ್ತೆ ಬರೆಸಿ, ಎರಡನ್ನೂ ಒಂದೇ ಕಮಿಟ್ಟಿನಲ್ಲಿ ಸೇರಿಸಿರಿ.